ಡಮಾಸ್ಕಸ್ ಚಾಕು: ಹೆಸರು ಯಾರದು, ಉಕ್ಕು ಯಾರದು?

ವ್ಯವಹಾರ ಅಧ್ಯಯನದಲ್ಲಿ ಬ್ರ್ಯಾಂಡಿಂಗ್ ಮತ್ತು ಲೇಬಲಿಂಗ್ ಬಗ್ಗೆ ನಾವೆಲ್ಲ ಓದುತ್ತೇವೆ. ಐದು ಅಂಕದ ಪ್ರಶ್ನೆ ಬಂದರೆ ಸೋಪು, ಬಿಸ್ಕತ್ತು, ಟೂತ್‌ಪೇಸ್ಟಿನ ಉದಾಹರಣೆ ಕೊಟ್ಟು ಮುಗಿಸುತ್ತೇವೆ. ಈ ಲೇಖನದಲ್ಲಿ ನಾನು ಬೇರೆ ಒಂದು ಸರಕನ್ನು ತೆಗೆದುಕೊಂಡಿದ್ದೇನೆ: ಡಮಾಸ್ಕಸ್ ಚಾಕು. ಮೊಬೈಲಿನಲ್ಲಿ ನೀವೂ ನೋಡಿರಬಹುದು. ಅಲಗಿನ ಮೇಲೆ ನೀರಿನ ಅಲೆಯಂತೆ ಕಪ್ಪು ಬಿಳಿ ಗೆರೆಗಳು, ಹಿಡಿಯ ಮೇಲೆ ನೀಲಿ ಹಸಿರು ಹೂಬಳ್ಳಿ. ಕೆಳಗೆ ಬರೆದಿರುತ್ತಾರೆ: "ಅಸಲಿ ಡಮಾಸ್ಕಸ್, ಕೈಯಿಂದ ಮಾಡಿದ್ದು, ಮೀನಾಕಾರಿ ಹಿಡಿ." ಈ ಒಂದು ಸಾಲಿನಲ್ಲಿ ಎಷ್ಟು ನಿಜವಿದೆ ಎಂದು ಹುಡುಕುತ್ತಾ ಹೋದಾಗ ಕಥೆ ಸಿರಿಯಾದಿಂದ ತುಮಕೂರಿಗೆ ಬಂದು ನಿಂತಿತು.

ಮೊದಲು 'ಡಮಾಸ್ಕಸ್' ಎಂಬ ಪದ. ಅದು ಸಿರಿಯಾದ ರಾಜಧಾನಿ, ನಮ್ಮ ಮನೆಯಲ್ಲಿ ಹೇಳುವಂತೆ ದಮಿಶ್ಕ್. ಯುರೋಪಿನವರು ಈ ಬಗೆಯ ಅಲೆ ಗೆರೆಯ ಕತ್ತಿಗಳಿಗೆ ಆ ಊರಿನ ಹೆಸರಿಟ್ಟರು. ಅಲ್ಲಿನ ಪೇಟೆಯಲ್ಲಿ ಸಿಗುತ್ತಿದ್ದುದರಿಂದ ಆ ಹೆಸರು ಬಂತು ಎನ್ನುವವರಿದ್ದಾರೆ. ಡಮಾಸ್ಕ್ ಎಂಬ ಹೂ ನೇಯ್ಗೆಯ ಬಟ್ಟೆಯಂತೆ ಕಾಣುವುದರಿಂದ ಬಂತು ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಈ ಕತ್ತಿಗಳಿಗೆ ಬೇಕಾದ ವಿಶೇಷ ಉಕ್ಕು ತಯಾರಾಗುತ್ತಿದ್ದ ದೊಡ್ಡ ನೆಲೆ ದಕ್ಷಿಣ ಭಾರತ ಮತ್ತು ಶ್ರೀಲಂಕಾ. ಪರ್ಷಿಯಾ ಮತ್ತು ಮಧ್ಯ ಏಷ್ಯಾದಲ್ಲೂ ಇಂಥ ಉಕ್ಕು ತಯಾರಾಗುತ್ತಿತ್ತು. ಆದರೆ ಅರಬರು ಒಳ್ಳೆಯ ಕತ್ತಿಗೆ 'ಮುಹನ್ನದ್' ಎನ್ನುತ್ತಿದ್ದರು. ಹಿಂದ್ ದೇಶದ ಉಕ್ಕಿನದು ಎಂದು ಅರ್ಥ. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಕಿಂದಿ ಕತ್ತಿಗಳ ಬಗೆಗಳ ಮೇಲೆಯೇ ಒಂದು ಗ್ರಂಥ ಬರೆದಿದ್ದಾನೆ. ಅದರಲ್ಲೂ ಹಿಂದ್ ಮತ್ತು ಸರಂದೀಬ್, ಅಂದರೆ ಶ್ರೀಲಂಕಾದ ಹೆಸರು ಬರುತ್ತದೆ.

ಇಂಗ್ಲಿಷಿನಲ್ಲಿ ಈ ಉಕ್ಕಿಗೆ 'ವೂಟ್ಜ್' ಎಂಬ ಹೆಸರಿದೆ. ಇದು ಕನ್ನಡ, ತೆಲುಗಿನ 'ಉಕ್ಕು' ಎಂಬ ಪದವೇ ಕೆಟ್ಟು ಆದದ್ದು ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಮುಂಬೈಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ 1794ರಲ್ಲಿ ಈ ಉಕ್ಕಿನ ತುಂಡುಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ, 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಒಂದು ಪ್ರಬಂಧ ಓದಿದ. ಅದರ ಶೀರ್ಷಿಕೆಯಲ್ಲಿ ಏನಿದೆ ಗೊತ್ತೇ? "ಬಾಂಬೆಯಲ್ಲಿ ತಯಾರಾಗುವ" ಒಂದು ಬಗೆಯ ಉಕ್ಕು ಎಂದು! ಬಾಂಬೆ ಅದನ್ನು ಹಡಗಿಗೆ ಹತ್ತಿಸಿದ ಊರು ಅಷ್ಟೇ. ಡಮಾಸ್ಕಸ್ಸಿಗೆ ಆದ ಹಾಗೆಯೇ ಇಲ್ಲೂ ಮಾರಿದ ಊರಿಗೆ ಹೆಸರು ಹೋಯಿತು. ಉಕ್ಕು ಕಾಯಿಸಿದವರ ಊರು ಎರಡು ಸಲವೂ ಲೇಬಲ್ಲಿನಿಂದ ಜಾರಿಹೋಯಿತು.

ಆ ಊರುಗಳಲ್ಲಿ ಕೆಲವು ನಮ್ಮವೇ. 1800 ಮತ್ತು 1801ರಲ್ಲಿ, ಅಂದರೆ ಟಿಪ್ಪು ಸುಲ್ತಾನ್ ಹುತಾತ್ಮನಾದ ಮರುವರ್ಷವೇ, ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿಯ ವೈದ್ಯ ಮೈಸೂರು ಸೀಮೆ ಸುತ್ತಿದ. 1807ರಲ್ಲಿ ಅವನ ಪ್ರವಾಸ ಗ್ರಂಥ ಅಚ್ಚಾಯಿತು. ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಸುತ್ತ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ಅವನು ಕಂಡು ವಿವರವಾಗಿ ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ, ಅದು ದೂರದೂರದ ಊರುಗಳಿಗೆ ಹೋಗುತ್ತಿದ್ದುದನ್ನೂ ದಾಖಲಿಸಿದ್ದಾನೆ. ಇಂದು ಚನ್ನಪಟ್ಟಣ ಎಂದರೆ ನಮಗೆ ಮರದ ಬೊಂಬೆ ಮಾತ್ರ ನೆನಪಾಗುತ್ತದೆ.

ಉಕ್ಕು ಮಾಡುವ ವಿಧಾನ ಹೀಗೆ. ಜೇಡಿಮಣ್ಣಿನ ಸಣ್ಣ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು ಇಡುತ್ತಾರೆ. ಜೊತೆಗೆ ತಂಗಡಿ (ಆವರಿಕೆ) ಗಿಡದ ಕಡ್ಡಿ ಮತ್ತು ಒಂದೆರಡು ಹಸಿ ಎಲೆ. ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತಾರೆ. ಇಂಥ ಹಲವು ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ, ಇದ್ದಿಲು ತುಂಬಿ, ತಿದಿ ಒತ್ತುತ್ತಾ ಗಂಟೆಗಟ್ಟಲೆ ಕಾಯಿಸುತ್ತಾರೆ. ಗಾಳಿಯಿಲ್ಲದೆ ಕಡ್ಡಿ ಸುಟ್ಟು ಇಂಗಾಲವಾಗುತ್ತದೆ, ಇಂಗಾಲ ಕಬ್ಬಿಣದೊಳಗೆ ಇಳಿಯುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗಾಲ ಸೇರಿದಷ್ಟೂ ಕರಗುವ ಬಿಸಿ ಇಳಿಯುತ್ತದೆ, ಹಾಗಾಗಿ ತಿದಿಯ ಬೆಂಕಿಯಲ್ಲೇ ಅದು ಕರಗಿತು. ಮೂಸೆ ತಣ್ಣಗಾದ ಮೇಲೆ ಒಡೆದರೆ ಒಳಗೆ ಒಂದು ಸಣ್ಣ ಉಂಡೆ ಸಿಗುತ್ತದೆ. ಅದರಲ್ಲಿ ಇಂಗಾಲ ಶೇಕಡಾ 1ರಿಂದ 2ರಷ್ಟು ಇರುತ್ತದೆ. ಇಂದಿನ ಮನೆ ಕಟ್ಟುವ ಕಬ್ಬಿಣದ ಸರಳಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ.

ಈ ಉಂಡೆಗಳೇ ವ್ಯಾಪಾರದ ಸರಕು. ಇಂದಿನ ತೆಲಂಗಾಣದ ಕೋನಸಮುದ್ರಂ ಎಂಬ ಊರಿಗೆ ಇರಾನಿನ ಇಸ್ಫಹಾನ್‌ನ ವ್ಯಾಪಾರಿಯೊಬ್ಬ ಬಂದು, ಅಲ್ಲೇ ಉಳಿದು ಉಕ್ಕು ಕೊಳ್ಳುತ್ತಿದ್ದುದನ್ನು 19ನೇ ಶತಮಾನದ ಆರಂಭದಲ್ಲಿ ಹೆನ್ರಿ ವಾಯ್ಸಿ ಎಂಬ ಬ್ರಿಟಿಷ್ ಭೂವಿಜ್ಞಾನಿ ಕಂಡಿದ್ದಾನೆ. ನಮ್ಮ ಪಾಠದ ಭಾಷೆಯಲ್ಲಿ ಹೇಳುವುದಾದರೆ ನಮ್ಮವರು ಮಾರಿದ್ದು ಕಚ್ಚಾವಸ್ತು. ಮೌಲ್ಯವರ್ಧನೆ ನಡೆದದ್ದು ಇಸ್ಫಹಾನಿನಲ್ಲಿ, ಇಸ್ತಾಂಬುಲಿನಲ್ಲಿ, ಲಾಹೋರಿನಲ್ಲಿ. ಕಾಫಿ ಬೀಜ ಬೆಳೆಯುವ ಕೊಡಗಿನವರಿಗೂ ಕಾಫಿ ಅಂಗಡಿಯ ಬಿಲ್ಲಿಗೂ ಇರುವ ಅಂತರ ನೆನಪಿಸಿಕೊಳ್ಳಿ.

ಅಲಗಿನ ಮೇಲಿನ ಗೆರೆ ಎಲ್ಲಿಂದ ಬಂತು? ಉಂಡೆ ನಿಧಾನವಾಗಿ ತಣಿಯುವಾಗ ಇಂಗಾಲವೂ ಕಬ್ಬಿಣವೂ ಸೇರಿದ ಗಟ್ಟಿ ಕಣಗಳು ಹುಟ್ಟುತ್ತವೆ. ಕಮ್ಮಾರ ಅದನ್ನು ಕಡಿಮೆ ಬಿಸಿಯಲ್ಲಿ, ಮತ್ತೆ ಮತ್ತೆ, ತಾಳ್ಮೆಯಿಂದ ಬಡಿದಾಗ ಆ ಕಣಗಳು ಸಾಲುಸಾಲಾಗಿ ನಿಲ್ಲುತ್ತವೆ. ಅಲಗನ್ನು ನುಣುಪು ಮಾಡಿ ಹುಳಿ ದ್ರವದಲ್ಲಿ ತೊಳೆದಾಗ ಕಣಗಳು ಬೆಳ್ಳಗೆ, ಉಳಿದದ್ದು ಕಪ್ಪಗೆ ಕಾಣುತ್ತದೆ. ಯುರೋಪಿನ ಕಮ್ಮಾರರು ತಮ್ಮ ಅಭ್ಯಾಸದಂತೆ ಜೋರಾಗಿ ಕಾಯಿಸಿ ಬಡಿದಾಗ ಈ ಉಂಡೆ ಪುಡಿಪುಡಿಯಾಗುತ್ತಿತ್ತು. ಮೈಕೆಲ್ ಫ್ಯಾರಡೆ ಸಹ 1819ರಿಂದ ಕೆಲವು ವರ್ಷ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆ ಇದರ ಮೇಲೆ ಪ್ರಯೋಗ ಮಾಡಿದ. ರಷ್ಯಾದ ಜ್ಲಾತೊಉಸ್ತ್‌ನಲ್ಲಿ ಪಾವೆಲ್ ಅನೊಸೊವ್ ಪ್ರಯತ್ನಪಟ್ಟು 1841ರಲ್ಲಿ ಬುಲಾತ್ ಉಕ್ಕಿನ ಬಗ್ಗೆ ಪುಸ್ತಕ ಪ್ರಕಟಿಸಿದ. ಬುಲಾತ್ ಎಂದರೆ ನಮ್ಮ ಉರ್ದುವಿನ 'ಫೌಲಾದ್'. 1990ರ ದಶಕದಲ್ಲಿ ಅಮೆರಿಕದ ಜಾನ್ ವರ್‌ಹೋವನ್ ಎಂಬ ಪ್ರಾಧ್ಯಾಪಕ ಮತ್ತು ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರ ಸೇರಿ, ಅದಿರಿನಲ್ಲಿ ತೀರಾ ಸ್ವಲ್ಪ ಇರುವ ವನಾಡಿಯಂನಂಥ ಲೋಹಗಳೇ ಈ ಸಾಲು ಕಟ್ಟಲು ಕಾರಣ ಎಂದು ತೋರಿಸಿದರು. ಪ್ರಾಧ್ಯಾಪಕ ಮತ್ತು ಕಮ್ಮಾರ ಇಬ್ಬರ ಹೆಸರೂ ಒಂದೇ ಸಂಶೋಧನಾ ಪ್ರಬಂಧದಲ್ಲಿ ಬಂದದ್ದು ನನಗೆ ಬಹಳ ಇಷ್ಟವಾಯಿತು.

ಈ ಗೆರೆಗೆ ಫಾರಸಿ, ಉರ್ದುವಿನಲ್ಲಿ 'ಜೌಹರ್' ಎಂದು ಹೆಸರು. ನಮ್ಮ ದಾದಿ, ಅಂದರೆ ಅಜ್ಜಿ, ಪರೀಕ್ಷೆಗೆ ಹೋಗುವಾಗಲೆಲ್ಲ "ಜಾ, ಅಪ್ನೇ ಜೌಹರ್ ದಿಖಾ" ಎನ್ನುತ್ತಾರೆ. ನಿನ್ನ ಸಾಮರ್ಥ್ಯ ತೋರಿಸು ಎಂದು ಅರ್ಥ. ಆ ಪದ ಕತ್ತಿಯ ಮೈಮೇಲಿನ ಗೆರೆಗೂ ಇದೆ ಎಂದು ಹೇಳಿದಾಗ ಅವರು, "ಮತ್ತೆ? ಒಳಗೆ ಇದ್ದದ್ದೇ ಹೊರಗೆ ಕಾಣೋದು" ಎಂದರು.

ಆದರೆ ಇಂದು ಅಂಗಡಿಯಲ್ಲಿ ಸಿಗುವ ಡಮಾಸ್ಕಸ್ ಅದಲ್ಲ. ಹಳೆಯ ವಿಧಾನ 19ನೇ ಶತಮಾನದಲ್ಲಿ ನಿಂತುಹೋಯಿತು. ಇಂದಿನದು ಪದರ ಉಕ್ಕು. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಬಿಳಿಗಾರ ಹಾಕಿ, ಜೋರಾಗಿ ಕಾಯಿಸಿ, ಬಡಿದು ಒಂದಾಗಿಸುತ್ತಾರೆ. ಆಮೇಲೆ ಉದ್ದ ಮಾಡಿ ಮಡಚುತ್ತಾರೆ. 7 ಪಟ್ಟಿಯಿಂದ ಶುರು ಮಾಡಿದರೆ ಒಂದು ಮಡಿಕೆಗೆ 14, ಎರಡಕ್ಕೆ 28, ಐದನೇ ಮಡಿಕೆಗೆ 224 ಪದರ. ಚಕ್ರಬಡ್ಡಿಯ ಲೆಕ್ಕದ ಹಾಗೆ. ಒಂದು ಉಕ್ಕಿನಲ್ಲಿ ಸ್ವಲ್ಪ ನಿಕ್ಕಲ್ ಇರುವುದರಿಂದ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ಆ ಪದರ ಹೊಳೆಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಈ ಪದರ ಕೆಲಸವೂ ಬಹಳ ಹಳೆಯದು. ಆದರೆ 1973ರಲ್ಲಿ ಬಿಲ್ ಮೊರಾನ್ ಎಂಬ ಅಮೆರಿಕದ ಕಮ್ಮಾರ ಇಂಥ ಚಾಕುಗಳನ್ನು ಡಮಾಸ್ಕಸ್ ಎಂಬ ಹೆಸರಿನಲ್ಲಿ ಪ್ರದರ್ಶಿಸಿದ ಮೇಲೆ ಹೆಸರು ಇದಕ್ಕೇ ಅಂಟಿಕೊಂಡಿತು. ಇದು ಮೋಸ ಎಂದು ನಾನು ಹೇಳುವುದಿಲ್ಲ. ಪದರ ಉಕ್ಕು ಮಾಡುವುದು ಕಷ್ಟದ ಕೆಲಸ, ಇಡೀ ಜಗತ್ತು ಈಗ ಅದನ್ನೇ ಡಮಾಸ್ಕಸ್ ಎನ್ನುತ್ತದೆ. ಮೋಸ ಇರುವುದು ಮೂರನೇ ಬಗೆಯಲ್ಲಿ. ಸಾಮಾನ್ಯ ಉಕ್ಕಿನ ಮೇಲೆ ಗೆರೆಯನ್ನು ಬರೀ ಲೇಸರ್‌ನಿಂದ ಬರೆದು ಡಮಾಸ್ಕಸ್ ಎಂದು ಮಾರುವುದು.

ಇಷ್ಟೆಲ್ಲ ನಾನು ಓದಬೇಕಾಗಿ ಬಂದದ್ದು ನಮ್ಮ ಭಾಯಿಜಾನ್‌ನಿಂದ. ನಮ್ಮ ದೊಡ್ಡಪ್ಪನ ಮಗ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಎರಡು ವರ್ಷ ಉಳಿಸಿದ 60,000 ರೂಪಾಯಿ ಅವರ ಹತ್ತಿರ ಇತ್ತು. ಒಬ್ಬ ಸಗಟು ವ್ಯಾಪಾರಿ ಇಂಥ ಚಾಕುಗಳನ್ನು ಒಂದಕ್ಕೆ 1,150 ರೂಪಾಯಿಯಂತೆ, ಕನಿಷ್ಠ 50 ಕೊಂಡರೆ ಕೊಡುತ್ತೇನೆ ಎಂದಿದ್ದ. ಒಟ್ಟು 57,500. ಅದನ್ನು ಆನ್‌ಲೈನ್‌ನಲ್ಲಿ 2,999ಕ್ಕೆ ಮಾರುವುದು ಅವರ ಯೋಜನೆ. "ನೀನು ಕಾಮರ್ಸ್ ಓದ್ತಿದ್ದೀಯಲ್ಲ, ಚೆನ್ನಾಗಿ ಒಂದು ವಿವರಣೆ ಬರೆದುಕೊಡು" ಎಂದರು. ನಾನು, "ಭಾಯಿಜಾನ್, ಮೊದಲು ಒಂದು ಸ್ಯಾಂಪಲ್ ತರಿಸಿ, ನೋಡಿ ಬರೆಯೋಣ" ಎಂದೆ.

ಸ್ಯಾಂಪಲ್ ಬಂತು. ಮೊದಲು ಅಲಗಿನ ಬೆನ್ನು ನೋಡಿದೆವು. ಪದರ ನಿಜವಾಗಿದ್ದರೆ ಗೆರೆ ಒಂದು ಮಗ್ಗುಲಿನಿಂದ ಬೆನ್ನಿನ ಮೇಲೆ ಹಾದು ಇನ್ನೊಂದು ಮಗ್ಗುಲಿಗೆ ಹೋಗಬೇಕು. ಹೋಗಿತ್ತು. ಆದರೂ ಹಿಡಿಯ ಹತ್ತಿರ ಉಗುರಿನಗಲ ಜಾಗವನ್ನು ನುಣುಪು ಮರಳುಕಾಗದದಿಂದ ಉಜ್ಜಿ ಗೆರೆ ಅಳಿಸಿದೆವು. ವಿಜ್ಞಾನ ವಿಭಾಗದ ಗೆಳೆಯರ ಸಹಾಯದಿಂದ, ಲ್ಯಾಬಿನ ಸರ್ ಎದುರಿಗೇ ನಿಂತು, ಅಲ್ಲಿಗೆ ಫೆರಿಕ್ ಕ್ಲೋರೈಡ್ ಹಚ್ಚಿದರು. ಕೆಲವು ನಿಮಿಷದಲ್ಲಿ ಗೆರೆ ಮತ್ತೆ ಮೂಡಿತು. ಲೇಸರ್ ಗೆರೆಯಾಗಿದ್ದರೆ ಮರಳಿ ಬರುತ್ತಿರಲಿಲ್ಲ. ಉಕ್ಕು ಸರಿ ಇತ್ತು. ಹಿಡಿಯ ಕಥೆ ಬೇರೆ.

ಮೀನಾಕಾರಿ ಎಂದಾಗ ನನ್ನ ಪಕ್ಕದ ಬೆಂಚಿನವರು "ಮೀನಿನ ಚಿತ್ರ ಇರುತ್ತಾ?" ಎಂದು ಕೇಳಿದ್ದರು. ಅಲ್ಲ. 'ಮೀನಾ' ಫಾರಸಿ ಪದ, ಗಾಜು ಮತ್ತು ಆಕಾಶದ ನೀಲಿ ಎರಡಕ್ಕೂ ಬಳಸುತ್ತಾರೆ. ಲೋಹದ ಮೇಲೆ ಗಾಜಿನ ಪುಡಿಯನ್ನು ಕರಗಿಸಿ ಹಿಡಿಸುವ ಕಲೆ ಇದು. ನಮ್ಮ ದೇಶದಲ್ಲಿ ಜೈಪುರ ಇದಕ್ಕೆ ಹೆಸರುವಾಸಿ. ಅಂಬೇರದ ರಾಜಾ ಮಾನ್‌ಸಿಂಗ್ 16ನೇ ಶತಮಾನದ ಕೊನೆಗೆ ಲಾಹೋರಿನಿಂದ ಕುಶಲಕರ್ಮಿಗಳನ್ನು ಕರೆತಂದ ಎಂಬ ಮಾತು ಅಲ್ಲಿ ಪ್ರಚಲಿತ. ಲಖನೌದಲ್ಲಿ ಬೆಳ್ಳಿಯ ಮೇಲೆ ನೀಲಿ ಹಸಿರು ಮೀನಾ ಹಾಕಿದ ಕತ್ತಿ, ಕಠಾರಿಗಳ ಹಿಡಿಗಳು ತಯಾರಾಗುತ್ತಿದ್ದವು.

ಕೆಲಸ ಹೀಗೆ ಸಾಗುತ್ತದೆ. ಚಿನ್ನ, ಬೆಳ್ಳಿ ಅಥವಾ ತಾಮ್ರದ ಮೇಲೆ ಹೂಬಳ್ಳಿ ಬರೆದು, ಬಣ್ಣ ತುಂಬುವ ಜಾಗವನ್ನು ಉಳಿಯಿಂದ ಕೆತ್ತಿ ತಗ್ಗು ಮಾಡುತ್ತಾರೆ. ಗಾಜಿಗೆ ಬಣ್ಣ ಬರುವುದು ಲೋಹದ ಆಕ್ಸೈಡುಗಳಿಂದ: ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರು. ನುಣ್ಣಗೆ ಅರೆದ ಈ ಪುಡಿಯನ್ನು ತೇವ ಮಾಡಿ ತಗ್ಗಿನಲ್ಲಿ ತುಂಬಿ, ಒಣಗಿಸಿ, ಸುಮಾರು 800 ಡಿಗ್ರಿಯ ಒಲೆಯಲ್ಲಿ ಸುಡುತ್ತಾರೆ. ಎಲ್ಲ ಬಣ್ಣವನ್ನೂ ಒಟ್ಟಿಗೆ ಸುಡುವಂತಿಲ್ಲ. ಹೆಚ್ಚು ಬಿಸಿ ತಡೆಯುವ ಬಿಳಿ ಮೊದಲು, ಬೇಗ ಹಾಳಾಗುವ ಕೆಂಪು ಕೊನೆಗೆ. ಪ್ರತಿ ಬಣ್ಣಕ್ಕೂ ಮತ್ತೆ ಒಲೆ. ಕೊನೆಯ ಸುಡುವಿಕೆಯಲ್ಲಿ ಬಿರುಕು ಬಿಟ್ಟರೆ ಹಿಂದಿನ ಎಲ್ಲ ದಿನಗಳ ಕೆಲಸವೂ ಹೋಯಿತು.

ಇಲ್ಲಿ ಒಂದು ಸಮಸ್ಯೆ ಇದೆ, ನನಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯ ಎನಿಸಿದ್ದು ಅದೇ. ಚಾಕುವಿನ ಅಲಗಿಗೆ ಹದ ಕೊಡುವಾಗ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಆಮೇಲೆ ಸುಮಾರು 200 ಡಿಗ್ರಿಯಲ್ಲಿ ಮತ್ತೆ ಮೆಲ್ಲಗೆ ಕಾಯಿಸುತ್ತಾರೆ. ಹದ ಕೊಟ್ಟ ಅಲಗನ್ನು ಮತ್ತೆ 800 ಡಿಗ್ರಿಯ ಒಲೆಗೆ ಹಾಕಿದರೆ ಹದವೆಲ್ಲ ಹೋಗಿ ಅದು ಮೆತ್ತಗಾಗುತ್ತದೆ. ಮೊದಲು ಹಿಡಿಗೆ ಮೀನಾ ಹಾಕಿ ಆಮೇಲೆ ಅಲಗಿಗೆ ಹದ ಕೊಡೋಣ ಎಂದರೆ ಬಿಸಿ ಮಾಡಿ ಒಮ್ಮೆಗೇ ತಣಿಸಿದಾಗ ಗಾಜು ಸಿಡಿಯುತ್ತದೆ. ಹಾಗಾಗಿ ಅಲಗು ಒಬ್ಬ ಕಮ್ಮಾರನ ಬಳಿ, ಹಿಡಿ ಇನ್ನೊಬ್ಬ ಮೀನಾಕಾರನ ಬಳಿ, ಬೇರೆ ಬೇರೆ ಬೆಂಕಿಯಲ್ಲಿ ತಯಾರಾಗಬೇಕು. ಕೊನೆಗೆ ಅಲಗಿನ ಬಾಲವನ್ನು ಟೊಳ್ಳು ಹಿಡಿಯೊಳಗೆ ತೂರಿಸಿ ಅರಗು, ರಾಳದಿಂದ ಕೂರಿಸುತ್ತಿದ್ದರು. ಬಾದಶಾಹರ ಕಠಾರಿಗಳೂ ಹೀಗೇ ಜೋಡಣೆಯಾದವು. ಒಂದು ಕಠಾರಿಯಲ್ಲಿ ಕನಿಷ್ಠ ಮೂರು ಕಸುಬಿನವರ ದುಡಿಮೆ ಇತ್ತು: ಉಕ್ಕು ಕರಗಿಸಿದವನು, ಅಲಗು ಬಡಿದವನು, ಹಿಡಿಗೆ ಮೀನಾ ಹಾಕಿದವನು.

ಇದನ್ನು ತಿಳಿದ ಮೇಲೆ 1,150 ರೂಪಾಯಿಯ ಚಾಕುವಿನಲ್ಲಿ ನಿಜವಾದ ಮೀನಾಕಾರಿ ಇರಲು ಸಾಧ್ಯವೇ ಎಂಬ ಅನುಮಾನ ಬಂತು. ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಹಿಡಿಯ ತುದಿಯ ನೀಲಿ ಎಲೆಗೆ ಮುಟ್ಟಿಸಿದೆವು. ಗಾಜಾಗಿದ್ದರೆ ಏನೂ ಆಗುತ್ತಿರಲಿಲ್ಲ. ಸೂಜಿ ಒಳಗಿಳಿಯಿತು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಅದು ಬಣ್ಣದ ರೆಸಿನ್. ಸಗಟು ವ್ಯಾಪಾರಿಗೆ ಫೋನ್ ಮಾಡಿದರೆ, "ಗಿರಾಕಿ ಸೂಜಿ ಕಾಯಿಸಿ ನೋಡ್ತಾರಾ?" ಎಂದ. ಉಕ್ಕಿನ ದರ್ಜೆ ಯಾವುದು, ಎಲ್ಲಿ ತಯಾರಾದದ್ದು ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ.

'ಕೈಯಿಂದ ಮಾಡಿದ್ದು' ಎಂಬುದರ ಬಗ್ಗೆ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಯಂತ್ರದ ಸುತ್ತಿಗೆ ಬಳಸಿದರೂ ಕಮ್ಮಾರನ ಕೈ ಕೈಯೇ.

ಈಗ ಲೆಕ್ಕ. ಜಿಎಸ್‌ಟಿಯನ್ನು ಬದಿಗಿಟ್ಟಿದ್ದೇನೆ. 2,999ಕ್ಕೆ ಮಾರಿದರೆ ಕಮಿಷನ್ ಶೇಕಡಾ 15ರಂತೆ 450, ಡಬ್ಬಿ ಮತ್ತು ಕೊರಿಯರ್ 130, ಕೊಂಡ ಬೆಲೆ 1,150. ಉಳಿಯುವುದು 1,269. "ಪದರ ಉಕ್ಕು, ರೆಸಿನ್ ಬಣ್ಣದ ಹಿಡಿ" ಎಂದು ನಿಜ ಬರೆದರೆ 1,800ಕ್ಕಿಂತ ಹೆಚ್ಚು ಕೇಳಲಾಗದು. ಆಗ ಕಮಿಷನ್ 270 ಕಳೆದು ಉಳಿಯುವುದು 250 ರೂಪಾಯಿ ಮಾತ್ರ. ಒಂದು ಪದಕ್ಕೆ, ಅಂದರೆ 'ಮೀನಾಕಾರಿ' ಎಂಬ ಪದಕ್ಕೆ, ಒಂದು ಚಾಕುವಿನ ಮೇಲೆ ಸಾವಿರ ರೂಪಾಯಿಗಿಂತ ಹೆಚ್ಚು ವ್ಯತ್ಯಾಸ. 50 ಚಾಕುವಿಗೆ 50,950 ರೂಪಾಯಿ. ಭಾಯಿಜಾನ್ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. "ಎಲ್ಲರೂ ಹಾಗೇ ಬರೀತಾರಲ್ಲ" ಎಂದರು. ಅದೂ ನಿಜ.

ನಾನು ಪಾಠದ ಪುಸ್ತಕ ತೆರೆದು ತೋರಿಸಿದೆ. ಗ್ರಾಹಕರ ರಕ್ಷಣಾ ಕಾಯಿದೆ 2019ರ ಪ್ರಕಾರ ಸರಕಿನ ಬಗ್ಗೆ ಸುಳ್ಳು ವಿವರಣೆ ಕೊಡುವುದು ದಾರಿತಪ್ಪಿಸುವ ಜಾಹೀರಾತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆಮದು ಸರಕಾದರೆ ಮೂಲ ದೇಶವನ್ನು ತೋರಿಸಬೇಕು. ಪಾಕಿಸ್ತಾನದ ವಜೀರಾಬಾದ್ ಇಂಥ ಚಾಕುಗಳ ದೊಡ್ಡ ಕೇಂದ್ರ. ನಮ್ಮ ಚಾಕು ಎಲ್ಲಿಯದು ಎಂದು ವ್ಯಾಪಾರಿ ಹೇಳದಿದ್ದರೆ ಆ ಜಾಗದಲ್ಲಿ ನಾವೇನು ಬರೆಯುವುದು? ಇನ್ನೊಂದು ವಿಷಯ ಚಾಕು ಕೊಳ್ಳುವ ಎಲ್ಲರೂ ತಿಳಿದಿರಬೇಕು. ಅಡುಗೆಮನೆ, ಕೃಷಿಯಂಥ ಕೆಲಸದ್ದಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮದ ಅಡಿಗೆ ಬರುತ್ತದೆ. ಚಂದ ಕಂಡಿತೆಂದು ಕಠಾರಿ ತರಿಸಿಕೊಳ್ಳಬೇಡಿ.

ಹೆಸರಿಗೆ ಬೆಲೆ ಇದೆ ಎಂಬುದರಲ್ಲಿ ಸಂಶಯವಿಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನರ ಒಂದು ಖಡ್ಗ 1.4 ಕೋಟಿ ಪೌಂಡಿಗೆ ಹೋಯಿತು. ಹರಾಜಿಗೆ ಮುಂಚಿನ ಅಂದಾಜು 15ರಿಂದ 20 ಲಕ್ಷ ಪೌಂಡ್ ಇತ್ತು. ಉಕ್ಕಿನ ತೂಕಕ್ಕೆ ಯಾರೂ ಅಷ್ಟು ಕೊಡುವುದಿಲ್ಲ. ಅದು ಲೆಕ್ಕಶಾಸ್ತ್ರದಲ್ಲಿ ನಾವು ಓದುವ ಗುಡ್‌ವಿಲ್ ಹಾಗೆ, ಕಣ್ಣಿಗೆ ಕಾಣದ ಆಸ್ತಿ. ಅಲ್ಲಿ ಹೆಸರಿನ ಹಿಂದೆ ದಾಖಲೆ ಇತ್ತು. ಬಿದರಿ ಕಲೆಗೆ, ಚನ್ನಪಟ್ಟಣದ ಬೊಂಬೆಗೆ, ಮೈಸೂರು ರೇಷ್ಮೆಗೆ ಇಂದು ಜಿಐ ಮಾನ್ಯತೆ ಇರುವುದೂ ಇದಕ್ಕೇ: ಊರಿನ ಹೆಸರು ಆ ಊರಿನಲ್ಲಿ ದುಡಿಯುವವರ ಬಳಿಯೇ ಉಳಿಯಲಿ ಎಂದು. ಇನ್ನೂರು ವರ್ಷದ ಹಿಂದೆ ಇಂಥದ್ದೊಂದು ಕಾನೂನು ಇದ್ದಿದ್ದರೆ ಜಗತ್ತಿನ ಅಂಗಡಿಗಳಲ್ಲಿ ಈಗ 'ಚನ್ನರಾಯನದುರ್ಗ ಚಾಕು' ಸಿಗುತ್ತಿತ್ತೋ ಏನೋ.

ಭಾಯಿಜಾನ್ 50 ಕೊಳ್ಳಲಿಲ್ಲ. ಬೇರೊಬ್ಬ ವ್ಯಾಪಾರಿಯನ್ನು ಹುಡುಕಿದರು. ಅವನು ತಯಾರಾದ ಊರಿನ ಹೆಸರು ಮತ್ತು ಉಕ್ಕಿನ ದರ್ಜೆಯನ್ನು ಬಿಲ್ಲಿನಲ್ಲಿ ಬರೆದುಕೊಡಲು ಒಪ್ಪಿದ. 15 ಚಾಕು, ಒಂದಕ್ಕೆ 1,250ರಂತೆ 18,750 ರೂಪಾಯಿ. ಬಣ್ಣದ ಹಿಡಿ ಬೇಡವೆಂದು ಮರದ ಹಿಡಿಯದನ್ನೇ ಆರಿಸಿದರು. ಆನ್‌ಲೈನ್ ಬಿಟ್ಟು ಊರಿನಲ್ಲೇ 1,800ಕ್ಕೆ ಮಾರುತ್ತಿದ್ದಾರೆ. ಡಬ್ಬಿಗೆ 40 ರೂಪಾಯಿ ಹೋಗಿ ಒಂದಕ್ಕೆ 510 ಉಳಿಯುತ್ತದೆ. ಇದನ್ನು ಬರೆಯುವ ಹೊತ್ತಿಗೆ ಆರು ಹೋಗಿವೆ. ಒಂದನ್ನು ಕೊಂಡದ್ದು ಮಟನ್ ಅಂಗಡಿಯ ಚಾಚಾ. ಅವರು ಈವರೆಗೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿದ ಚಾಕುವನ್ನೇ ಬಳಸಿದವರು. ಗೆರೆಯ ಬಗ್ಗೆ ಒಂದು ಮಾತೂ ಆಡದೆ ಹೆಬ್ಬೆರಳಿನಲ್ಲಿ ಬಾಯಿ ಸವರಿ ನೋಡಿ, "ಬಕ್ರೀದ್ ಕಳೆದ ಮೇಲೆ ಹೇಳ್ತೀನಿ, ಇದು ಹೇಗಿದೆ ಅಂತ" ಎಂದರು.

ಡಬ್ಬಿಯೊಳಗೆ ಇಡುವ ಚೀಟಿಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ನಾನೇ ಬರೆದೆ: "ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬಡಿದು ಮಾಡಿದ ಅಲಗು. ಹಳೆಯ ಮೂಸೆ ಉಕ್ಕು ಅಲ್ಲ. ಮರದ ಹಿಡಿ. ಇದು ಸ್ಟೇನ್‌ಲೆಸ್ ಸ್ಟೀಲ್ ಅಲ್ಲ, ತುಕ್ಕು ಹಿಡಿಯುತ್ತದೆ. ನಿಂಬೆ, ಟೊಮೆಟೊ ಹೆಚ್ಚಿದ ಕೂಡಲೇ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ವಾರಕ್ಕೊಮ್ಮೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ."